ಕೊರಂಗಾಡಿನ ಪಡಲು

ದನ ನುಗ್ಗದಂತೆ ಬೇಲಿಯ ಕಿಂಡಿಗೆ ಅಡ್ಡವಿಡುವುದನ್ನು ಮಲೆನಾಡಿನವರು ದಣಪೆ ಎನ್ನುತ್ತಾರೆ. ಕೊಂಗುನಾಡಿನಲ್ಲಿ ನೆಲೆನಿಂತು, ಮನೆಯೊಳಗೆ ಕನ್ನಡವನ್ನೇ ಆಡುವ ದೇವಾಂಗರಾದ ನಮಗೆ ಅದು ಪಡಲು. ತಮಿಳಿನ ‘ಪಡಲ್’ಗೆ ಒಂದು ಉಕಾರವನ್ನು ಸೇರಿಸಿಕೊಂಡಿದ್ದೇವೆ, ಅಷ್ಟೆ.

ಕಾಂಗೇಯಂ, ಧಾರಾಪುರಂ ಸುತ್ತಣ ಮೇವಿನ ನೆಲಕ್ಕೆ ಕೊರಂಗಾಡು ಎಂದು ಹೆಸರು. ಸುತ್ತಲೂ ಮುಳ್ಳುಕಿಳುವೈ ಗಿಡದ ಜೀವಂತ ಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ ಮರಗಳು. ಕಾಂಗೇಯಂ ತಳಿಯ ದನಗಳನ್ನು ಒಳಗೆ ಬಿಟ್ಟರೆ ಕಾಯುವವರು ಬೇಕಿಲ್ಲ, ಬೇಲಿಯೇ ಗೋವಳ. ಆದರೆ ಬೇಲಿ ಎಷ್ಟು ಭದ್ರವಾಗಿದ್ದರೇನು, ಪಡಲು ಸಡಿಲವಾದರೆ ಎಲ್ಲವೂ ವ್ಯರ್ಥ.

ಕೈಮಗ್ಗದಿಂದ ಹೊಟ್ಟೆ ತುಂಬದಾದಾಗ ನಮ್ಮ ತಂದೆಯವರು ನಾಲ್ಕು ಎಕರೆ ಕೊರಂಗಾಡನ್ನು ಗುತ್ತಿಗೆಗೆ ಹಿಡಿದರು. ಪರರ ನೆಲಕ್ಕೆ ಕಬ್ಬಿಣದ ಗೇಟು ಮಾಡಿಸುವ ಶಕ್ತಿ ನಮಗಿರಲಿಲ್ಲ. ಹಿತ್ತಿಲಲ್ಲಿ ಬಿಚ್ಚಿಟ್ಟ ಮಗ್ಗದ ಮರಗಳಿದ್ದವು. ಅವನ್ನು ಅವರು ಹೊರಗೆಳೆದ ದಿನ ತಾಯಿ ಊಟ ಬಡಿಸಲಿಲ್ಲ.

“ಆಯುಧಪೂಜೆಗೆ ಕುಂಕುಮವಿಟ್ಟ ಮರಕ್ಕೆ ಎತ್ತುಗಳು ಮೈ ಉಜ್ಜಬೇಕೇ?” ಎಂದರು.

“ಗೆದ್ದಲು ತಿನ್ನುವುದಕ್ಕಿಂತ ಎತ್ತು ಉಜ್ಜಲಿ, ಬಿಡು” ಎಂದರು ತಂದೆ. ನನಗೆ ಆಗ ತಾಯಿಯ ಮಾತೇ ಸರಿಯೆನಿಸಿತ್ತು. ಈಗಲೂ ಪೂರ್ತಿ ಬಿಟ್ಟುಕೊಡಲಾರೆ.

ಮಗ್ಗದ ಕಂಬಗಳೇ ಚೌಕಟ್ಟಾದವು. ಅಡ್ಡಪಟ್ಟಿಗಳಿಗೆ ಬತ್ತಿದ ಬೋರ್‌ವೆಲ್‌ನಿಂದ ಮೇಲೆತ್ತಿದ ಹಳೆಯ ಪೈಪುಗಳು. ಈ ಸೀಮೆಯಲ್ಲಿ ಅವಕ್ಕೆ ಬರವಿಲ್ಲ. ಮೇಕೆಮರಿ ನುಸುಳದಂತೆ ಕೆಳಗಡೆ ಒತ್ತಾಗಿ, ಮೇಲಕ್ಕೆ ಹೋದಂತೆ ವಿರಳವಾಗಿ ಜೋಡಿಸಿದರು. ಚರ್ಮ ಗೀರದಂತೆ ಪೈಪಿನ ತುದಿಗಳಿಗೆ ಮರದ ಬೆಣೆ ಬಡಿದರು. ಇಷ್ಟಾದರೂ ಭಾರಕ್ಕೆ ಪಡಲಿನ ಬಿಡುತುದಿ ನೆಲಕ್ಕೆ ಜೋಲುತ್ತಿತ್ತು. ತಿರುಗಣೆಯ ಕಡೆಯ ಮೇಲ್ಮೂಲೆಯಿಂದ ಬಿಡುತುದಿಯ ಕೆಳಮೂಲೆಗೆ ಓರೆಯಾಗಿ ದಪ್ಪ ತಂತಿ ಎಳೆದು, ನಡುವೆ ಕೋಲು ತೂರಿಸಿ ಹುರಿಗೊಳಿಸಿದ ಮೇಲೆ ಅದು ನೆಟ್ಟಗೆ ನಿಂತಿತು. ನೂಲು ಹುರಿ ಮಾಡಿ ಪಳಗಿದ ಕೈಗೆ ಇದು ಹೊಸದಲ್ಲ.

ಕೀಲು, ತಿರುಪು ಯಾವುದೂ ಇಲ್ಲ. ಒಡೆದ ಒರಳುಕಲ್ಲನ್ನು ಹೂತು, ಕಂಬದ ಮೊನಚಾದ ಬುಡವನ್ನು ಅದರ ಗುಳಿಯಲ್ಲಿ ನಿಲ್ಲಿಸಿ, ಮೇಲ್ತುದಿಯನ್ನು ಗೂಟಕ್ಕೆ ಸೈಕಲ್ ಟೈರಿನ ಬಳೆಯಿಂದ ಹಿಡಿಸಿದ್ದರು. ಅಗುಳಿಯನ್ನು ಕೊಂಬಿನಿಂದ ಎತ್ತಲು ಕಲಿತ ಹಸುವೊಂದಿತ್ತು, ಮಹಾ ಚತುರೆ. ಅದರ ದೆಸೆಯಿಂದ ಹಳೆಯ ಸೈಕಲ್ ಚೈನು ಬಂತು. ಟೈರಿನ ಬಳೆಯನ್ನು ಕೊಯ್ದರೆ ಪಡಲನ್ನು ಇಬ್ಬರು ಎತ್ತಿಕೊಂಡು ಹೋಗಬಹುದು. ಗುತ್ತಿಗೆದಾರನಿಗೆ ಬೇಕಾದುದು ಅದೇ ಗುಣ.

2009ರಲ್ಲಿ ತಿರುಪ್ಪೂರು ಜಿಲ್ಲೆಯಾಗಿ ಕಾಂಗೇಯಂ ಅದರೊಳಗೆ ಸೇರಿತು. ದನಗಳಿಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಈ ವರ್ಷ. ನಾವು ಮೇಯಿಸುತ್ತಿದ್ದ ನೆಲಕ್ಕೆ ಸೌರಫಲಕಗಳು ಬರಲಿವೆಯೆಂದು ಒಡೆಯರು ಗುತ್ತಿಗೆಯನ್ನು ಮುಗಿಸಿದರು. ಅವರನ್ನು ದೂರಲಾರೆ, ಹುಲ್ಲು ಕೊಡದ ಬಾಡಿಗೆಯನ್ನು ಬಿಸಿಲು ಕೊಡುತ್ತದೆ. ಬೇಲಿಯನ್ನು ಬುಡಸಮೇತ ಕಿತ್ತರು. ಅದು ಮತ್ತೆ ಆ ಎತ್ತರಕ್ಕೆ ಬೆಳೆಯಲು ವರ್ಷಗಳೇ ಬೇಕು.

ತಂದೆಯವರು ಈಗಿಲ್ಲ. ತಮ್ಮನೂ ನಾನೂ ಬಳೆ ಕೊಯ್ದು ಪಡಲನ್ನು ಇಳಿಸಿದೆವು. ತಾಯಿ ಕಂಬವನ್ನು ಸೆರಗಿನಿಂದ ಒರೆಸಿ, ಲಾಳಿ ಓಡಿದ ಕಡೆ ಯಾವುದೆಂದು ನನಗೆ ಬೆರಳಿಟ್ಟು ತೋರಿಸಿದರು. ಉಳಿದ ಎರಡು ಹಸುಗಳಿಗಾಗಿ ಧಾರಾಪುರಂ ಕಡೆ ಚಿಕ್ಕದೊಂದು ನೆಲ ಸಿಕ್ಕಿದೆ. ಅಲ್ಲಿನ ಕಿಂಡಿ ನಮ್ಮ ಪಡಲಿಗಿಂತ ಒಂದು ಗೇಣು ಅಗಲ. ಹಿತ್ತಿಲಲ್ಲಿ ಮಗ್ಗದ ಮರ ಇನ್ನೊಂದು ಉಳಿದಿದೆ, ತಾಯಿಯನ್ನು ಕೇಳಬೇಕು.