ಮೊದಲಿಂದ ಶುರು ಮಾಡಿ

"ಒಳಗೇ ಬಿಡ್ತಿಲ್ಲ ಮಾರಾಯ" ಅಂತ ಟೀಚರ್ ಮೂರನೇ ಸಲ ಫೋನ್ ಮಾಡಿದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬೊಳಗೆ ಕೂತಿದ್ದೆ. "ಹಿಸ್ಟರಿ ಎಲ್ಲ ಕ್ಲಿಯರ್ ಮಾಡಿ ಟೀಚರ್. ಬ್ರೌಸರ್ ಪೂರ್ತಿ ಮುಚ್ಚಿ, ಮೊದಲಿಂದ ಶುರು ಮಾಡಿ" ಅಂದೆ. ಮೂರು ಸಲಕ್ಕೂ ಅದೇ ಉತ್ತರ.

ನಮ್ಮೂರ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ಪ್ರತಿ ವರ್ಷ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತೇವೆ. ಅದರ ವೆಬ್‌ಸೈಟ್ ಮಾಡಿದ್ದು ನಾನು. ಶಿಕ್ಷಕರು ಲಾಗಿನ್ ಆಗಿ ಒಂದೊಂದು ಮಗುವಿನ ಬಗ್ಗೆ ನಾಲ್ಕು ಸಾಲು ಬರೆದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ. ಅವರಿಗೆ ಇನ್ನೊಂದು ಪಾಸ್‌ವರ್ಡಿನ ತಲೆನೋವು ಬೇಡ ಅಂತ ಸಿಂಗಲ್ ಸೈನ್-ಆನ್ ಹಾಕಿದ್ದೆ. ಫೋನಿನಲ್ಲಿರುವ ಗೂಗಲ್ ಖಾತೆಯಿಂದಲೇ ಒಳಗೆ ಬರಬಹುದು. ಟೀಚರ್ ಕೈಯಲ್ಲಿ 11 ಮಕ್ಕಳ ಅರ್ಜಿ ಇತ್ತು. ಮಾರನೇ ದಿನವೇ ಕೊನೇ ದಿನ.

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗೇ ಇತ್ತು. ಉಳಿದ ಮೇಷ್ಟ್ರುಗಳ ಕೆಲಸವೂ ಮುಗಿದಿತ್ತು. ಅಂದಮೇಲೆ ತಪ್ಪು ಟೀಚರ್ ಫೋನಿನದ್ದೇ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ.

ಆದರೂ ರಾತ್ರಿ ಊಟ ಮುಗಿಸಿ ಕೂತೆ. ದುಡ್ಡು ಉಳಿಸೋಣ ಅಂತ ಶೇರ್ಡ್ ಹೋಸ್ಟಿಂಗ್ ತಗೊಂಡಿದ್ದೆವು. ಅದೊಂಥರಾ ವಠಾರ. ಒಂದೇ ಸರ್ವರ್‌ನಲ್ಲಿ ಎಷ್ಟೋ ಜನರ ಸೈಟುಗಳು, ಮೀಟರ್ ಬೋರ್ಡಿನ ಬೀಗದ ಕೈ ಮಾತ್ರ ಮಾಲೀಕರ ಹತ್ತಿರ. ಮೊದಲ ಅನುಮಾನ ವಾಪಸ್ ಬರುವ ವಿಳಾಸದ ಮೇಲೆ. ಗೂಗಲ್‌ನಲ್ಲಿ ನೋಂದಾಯಿಸಿದ ವಿಳಾಸಕ್ಕೂ ನಮ್ಮ ಸೈಟ್ ಕಳಿಸುವ ವಿಳಾಸಕ್ಕೂ ಒಂದು ಅಕ್ಷರ ವ್ಯತ್ಯಾಸವಾದರೂ ಅದು ಒಪ್ಪಲ್ಲ. ಸರಿಯಾಗಿತ್ತು. ಎರಡನೆಯದು ಸರ್ವರ್‌ನ ಗಡಿಯಾರ. ಅದು ಹಿಂದೆಮುಂದೆ ಆದರೆ ಲಾಗಿನ್ ಟೋಕನ್ 'ಅವಧಿ ಮುಗಿದಿದೆ' ಅನ್ನಿಸಿಕೊಳ್ಳುತ್ತದೆ. ಅದೂ ಸರಿಯಾಗಿತ್ತು. ಮೂರನೆಯದು ಸೆಷನ್ ಫೈಲುಗಳು. ಪಿಎಚ್‌ಪಿಯಲ್ಲಿ ಅವುಗಳ ಆಯಸ್ಸು ಸಾಮಾನ್ಯವಾಗಿ 1440 ಸೆಕೆಂಡ್, ಅಂದರೆ 24 ನಿಮಿಷ. ಎಲ್ಲರದ್ದೂ ಒಂದೇ ಫೋಲ್ಡರಿನಲ್ಲಿದ್ದರೆ ಪಕ್ಕದ ಮನೆಯವರು ಕಸ ಗುಡಿಸುವಾಗ ನಮ್ಮದೂ ಹೋಗಬಹುದು. ನಮ್ಮದಕ್ಕೆ ಬೇರೆ ಫೋಲ್ಡರ್ ಮಾಡಿಕೊಟ್ಟೆ.

ಟೀಚರ್‌ಗೆ ಮೆಸೇಜ್ ಮಾಡಿದೆ. "ಇಲ್ಲ ಕಣೋ, ಅದೇ ಕಥೆ" ಅಂತ ಉತ್ತರ ಬಂತು.

ಆಮೇಲೆ ಎರರ್ ಲಾಗ್ ತೆಗೆದೆ. ಮೊದಲೇ ತೆಗೀಬೇಕಿತ್ತು. 'ಸ್ಟೇಟ್ ಹೊಂದುತ್ತಿಲ್ಲ' ಅನ್ನುವ ಒಂದೇ ಸಾಲು ಪುಟಗಟ್ಟಲೆ ಇತ್ತು. ಟೀಚರ್ ಒಬ್ಬರದ್ದಲ್ಲ, ಉಳಿದ ಮೇಷ್ಟ್ರುಗಳು ಲಾಗಿನ್ ಆದ ದಿನಗಳಲ್ಲೂ ಇತ್ತು!

ಈ ಸ್ಟೇಟ್ ಅನ್ನೋದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದಹಾಗೆ. ಗೂಗಲ್ ಹತ್ತಿರ ಹೋಗುವ ಮುಂಚೆ ನಮ್ಮ ಸೈಟ್ ಒಂದು ನಂಬರ್ ಕೊಟ್ಟು, ಅದನ್ನೇ ಬ್ರೌಸರ್‌ನ ಕುಕಿಯಲ್ಲೂ ಬರೆದಿಡುತ್ತದೆ. ವಾಪಸ್ ಬಂದಾಗ ಎರಡೂ ತಾಳೆಯಾಗಬೇಕು. ಇಲ್ಲಿ ಆಗುತ್ತಿರಲಿಲ್ಲ.

ರಾತ್ರಿ ಹತ್ತೂವರೆಗೆ ಫೋನ್ ಮಾಡಿದೆ. "ಟೀಚರ್, ಮೊದಲು ಏನು ಒತ್ತುತ್ತೀರಿ, ಒಂದೊಂದಾಗಿ ಹೇಳಿ."

"ನಿಮ್ಮ ನೋಟೀಸಿನಲ್ಲಿರೋ ಅಡ್ರೆಸ್ಸು ಹೊಡೀತೀನಿ."

"ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಹಾಕ್ತೀರಾ?"

"ನೋಟೀಸಿನಲ್ಲಿ ಇಲ್ವಲ್ಲೋ."

ನೋಟೀಸ್ ಬರೆದುಕೊಟ್ಟಿದ್ದು ನಾನೇ. ಚೆಂದ ಕಾಣಲಿ ಅಂತ ಡಬ್ಲ್ಯೂ ಬಿಟ್ಟಿದ್ದೆ. ಗೂಗಲ್‌ನಲ್ಲಿ ನೋಂದಾಯಿಸಿದ ವಿಳಾಸದಲ್ಲಿ ಡಬ್ಲ್ಯೂ ಇತ್ತು. ನನ್ನ ಲ್ಯಾಪ್‌ಟಾಪಿನ ಬುಕ್‌ಮಾರ್ಕ್‌ನಲ್ಲೂ ಇತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ ಸೈಟ್, ಬ್ರೌಸರ್‌ಗೆ ಬೇರೆ ಬೇರೆ. ಒಂದಕ್ಕೆ ಬರೆದ ಕುಕಿಯನ್ನು ಬೇರೆ ಹೇಳದಿದ್ದರೆ ಇನ್ನೊಂದಕ್ಕೆ ಕೊಡಲ್ಲ. ಪೂರ್ವದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ದಕ್ಷಿಣದ ಬಾಗಿಲಲ್ಲಿ ಕೇಳಿದರೆ ಎಲ್ಲಿಂದ ಕೊಡುತ್ತಾರೆ? ಟೀಚರ್ ಕಳಿಸಿದ್ದ ಫೋಟೋಗಳಲ್ಲೂ ಇದು ಗೊತ್ತಾಗುವಂತಿರಲಿಲ್ಲ. ಕ್ರೋಮ್ ವಿಳಾಸದ ಪಟ್ಟಿಯಲ್ಲಿ ಡಬ್ಲ್ಯೂಗಳನ್ನು ತೋರಿಸುವುದೇ ಇಲ್ಲ.

ಉಳಿದವರು ಹೇಗೆ ಒಳಗೆ ಹೋದರು? ಎರರ್ ಬಂದ ಪುಟದಲ್ಲೇ ಇನ್ನೊಮ್ಮೆ ಲಾಗಿನ್ ಒತ್ತಿದರು. ಅಷ್ಟೊತ್ತಿಗೆ ಅವರು ಡಬ್ಲ್ಯೂ ಇರುವ ಬಾಗಿಲಲ್ಲೇ ನಿಂತಿದ್ದರು, ಬಾಗಿಲು ತೆರೆಯಿತು. ಯಾರೂ ದೂರಲಿಲ್ಲ. ಟೀಚರ್ ಮಾತ್ರ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಎಲ್ಲ ಮುಚ್ಚಿ, ಪ್ರತಿ ಸಲ ಮೊದಲಿಂದ ಶುರು ಮಾಡಿದ್ದರು. ಅವರನ್ನು ಹೊರಗೆ ನಿಲ್ಲಿಸಿದ್ದು ನನ್ನ ಸಲಹೆಯೇ.

ಎಚ್‌ಟಿಆಕ್ಸೆಸ್ ಫೈಲಿಗೆ ಮೂರು ಸಾಲು ಸೇರಿಸಿದೆ. ಡಬ್ಲ್ಯೂ ಇಲ್ಲದೆ ಬಂದವರನ್ನು ಮೊದಲೇ ಡಬ್ಲ್ಯೂ ಇರುವ ಕಡೆ ಕಳಿಸಿಬಿಡು, ಅಷ್ಟೇ. ಟೀಚರ್ ಒಳಗೆ ಹೋದರು. ರಾತ್ರಿ ಒಂದು ಗಂಟೆಯ ಹೊತ್ತಿಗೆ 11 ಅರ್ಜಿಗಳೂ ಬಂದಿದ್ದವು. ನಾಲ್ಕು ಸಾಲು ಕೇಳಿದ್ದ ಕಡೆ ಒಬ್ಬೊಬ್ಬರಿಗೂ ಹದಿನೈದು ಸಾಲು ಬರೆದಿದ್ದರು.

ಬೆಳಗ್ಗೆ ಫೋನ್ ಮಾಡಿ "ಸಾರಿ ಟೀಚರ್, ತಪ್ಪು ನನ್ನದೇ ಆಗಿತ್ತು" ಅಂದೆ.

"ಇರ್ಲಿ ಬಿಡೋ. ನಂಗೂ ವಯಸ್ಸಾಯ್ತು, ಫೋನು ಅರ್ಥ ಆಗಲ್ಲ ಅಂತ ನಿನ್ನೆ ಪೂರ್ತಿ ಬೇಜಾರು ಮಾಡ್ಕೊಂಡಿದ್ದೆ" ಅಂದರು.

ಆ ಬೇಜಾರು ಯಾವ ಲಾಗ್‌ನಲ್ಲೂ ಇರಲಿಲ್ಲ.