ಕಲಾಯಿ

ಕಲಾಯಿಯವನ ಕೂಗು ಕೇಳಿ ಎಷ್ಟು ವರ್ಷವಾಯಿತೋ! ಸ್ಟೀಲು ಬಂದ ಮೇಲೆ ಅವನಿಗೆ ನಮ್ಮ ಬೀದಿಗಳಲ್ಲಿ ಕೆಲಸವೇ ಇಲ್ಲದಂತಾಯಿತು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ. ಅದಕ್ಕೇ ಒಳಗೆ ತವರದ ಲೇಪ. ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ತಾಕಿಸಿ ಹತ್ತಿಯಿಂದ ಒಂದು ಸುತ್ತು ಉಜ್ಜಿದನೆಂದರೆ ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಅಷ್ಟು ತೆಳ್ಳಗಿನ ಪೊರೆ ಇಡೀ ಸಂಸಾರದ ಹೊಟ್ಟೆ ಕಾಯುತ್ತಿತ್ತು.

ಈಚೆಗೆ ಅದು ನೆನಪಾದದ್ದು ನನ್ನ ನಾದಿನಿಯ ಸ್ಕೂಟರಿನ ದೆಸೆಯಿಂದ. ವಿ.ಸಿ. ಫಾರಂನಿಂದ ದಿನವೂ ಮಂಡ್ಯಕ್ಕೆ ಹೊಲಿಗೆ ಕೆಲಸಕ್ಕೆ ಹೋಗುವವಳು ಅವಳು. ಕಂತಿನ ಮೇಲೆ ಬ್ಯಾಟರಿ ಸ್ಕೂಟರ್ ಕೊಂಡಳು. ಮೊದಲ ವರ್ಷ ಒಂದು ಸಲ ಚಾರ್ಜು ಮಾಡಿದರೆ ಮೂರು ದಿನದ ಓಡಾಟ; ಈಗ ಎರಡು ದಿನವೂ ಕಷ್ಟ. ಹೊಸ ಬ್ಯಾಟರಿಯ ಬೆಲೆ ಕೇಳಿಕೊಂಡು ಬಂದವಳು ಅವತ್ತು ಊಟವನ್ನೇ ಸರಿಯಾಗಿ ಮಾಡಲಿಲ್ಲ. ಕಂತು ಇನ್ನೂ ತೀರಿಲ್ಲ. ಕತ್ತಲಾದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಗಾಡಿ ನಿಂತರೆ ಒಂಟಿ ಹೆಂಗಸು ಏನು ಮಾಡಬೇಕು, ನೀವೇ ಹೇಳಿ.

ಹಾಗಾದರೆ ಈ ಬ್ಯಾಟರಿ ಸೊರಗುವುದೇಕೆ ಎಂದು ಓದುತ್ತಾ ಹೋದೆ. ನೋಡಿದರೆ ಅಲ್ಲಿಯೂ ಅದೇ ಹುಳಿ, ಅದೇ ಕಿಲುಬು! ಲಿಥಿಯಂ ಬ್ಯಾಟರಿಯೊಳಗೆ ಎರಡು ಪದರ, ನಡುವೆ ದ್ರವ. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಧನ ಪದರದಿಂದ ಗ್ರಾಫೈಟಿಗೆ ಹೋಗಿ ಕೂರುತ್ತವೆ. ಗಾಡಿ ಓಡುವಾಗ ತವರಿಗೆ ಮರಳುತ್ತವೆ. ಆ ದ್ರವದಲ್ಲಿನ ಲವಣಕ್ಕೆ ಒಂದಿಷ್ಟು ತೇವ ಸೋಕಿದರೂ ಸಾಕು, ಆಮ್ಲ ಹುಟ್ಟಿ ಧನ ಪದರದ ಲೋಹವನ್ನು ಕರಗಿಸತೊಡಗುತ್ತದೆ. ಅತ್ತ ಗ್ರಾಫೈಟಿನ ಮೇಲೆ ಹಾಲಿನ ಕೆನೆಯಂತೆ ಒಂದು ಪೊರೆ ತಾನಾಗಿಯೇ ಕಟ್ಟುತ್ತದೆ. ಅದು ರಕ್ಷಣೆಯೇ, ಆದರೆ ಬೆಳೆದಷ್ಟೂ ಲಿಥಿಯಂ ನುಂಗುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯವೆಂದರೆ ಕಲಾಯಿ! ತವರದ ಬದಲು ಅಲ್ಯೂಮಿನಾದಂಥ ವಸ್ತು. ಫಿನ್ಲೆಂಡಿನ ತುವೊಮೊ ಸುಂತೊಲ 1974ರಲ್ಲಿ ರೂಪಿಸಿದ ವಿಧಾನವೊಂದಿದೆ: ಒಂದು ಅನಿಲ ಬಿಟ್ಟು, ಹೆಚ್ಚಾದದ್ದನ್ನು ಹೊರಹಾಕಿ, ಮತ್ತೊಂದನ್ನು ಬಿಡುವುದು. ಪ್ರತಿ ಸುತ್ತಿಗೂ ಅಣುವಿನಷ್ಟೇ ಪೊರೆ. ಹತ್ತು ಸುತ್ತು ಹಾಕಿದರೆ ಸುಮಾರು 1 ನ್ಯಾನೊಮೀಟರ್, ಅಂದರೆ ಒಂದು ಹಾಳೆ ಕಾಗದದ ದಪ್ಪದಲ್ಲಿ ಲಕ್ಷದಲ್ಲೊಂದು ಪಾಲು. ಪೊರೆ ದಪ್ಪಗಾಯಿತೋ, ಲಿಥಿಯಂಗೆ ದಾರಿಯೇ ಕಟ್ಟಿಹೋಗುತ್ತದೆ. ಸೊಸೆಯನ್ನು ಕಾಯುತ್ತೇನೆಂದು ಬಾಗಿಲಿಗೆ ಬೀಗ ಹಾಕುವ ಅತ್ತೆಯ ಹಾಗೆ!

ಫಾರಂನವರಿಗೆ ಲೇಪನವೆಂದರೆ ಹೊಸದೇನಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಸವರುವುದನ್ನು ಬಲ್ಲ ಮಂದಿ ಇವರು. ನಾದಿನಿಗೆ ಇಷ್ಟೆಲ್ಲ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಬ್ಯಾಟರಿಗೆ ಈಗ ಕಲಾಯಿ ಹಾಕಿಸಬಹುದಾ ಅತ್ತಿಗೆ?" ಆಗದು. ಅದು ಕಟ್ಟುವ ಮೊದಲೇ ಆಗಬೇಕಾದ ಕೆಲಸ. ಈಗ ಮಾಡಬಹುದಾದದ್ದು ಇಷ್ಟೇ: ಬಿಸಿಲಲ್ಲಿ ನಿಲ್ಲಿಸದಿರುವುದು, ರಾತ್ರಿಯಿಡೀ ತುಂಬಿಸಿ ಇಡದಿರುವುದು, ಪೂರ್ತಿ ಬರಿದಾಗಲು ಬಿಡದಿರುವುದು.

ಇನ್ನು ಲಿಥಿಯಂ ನಮ್ಮ ಜಿಲ್ಲೆಯದೇ ನೆಲದಲ್ಲಿದೆ! 2020ರಲ್ಲಿ ಮರಳಗಾಲ, ಅಲ್ಲಾಪಟ್ಟಣದ ಸುತ್ತ 14,100 ಟನ್ ಇದೆಯೆಂದು ಪತ್ರಿಕೆಗಳಲ್ಲಿ ಬಂದಾಗ ಮಂಡ್ಯದವರೆಲ್ಲ ಕೋಲಾರದ ಚಿನ್ನ ಸಿಕ್ಕಿದಂತೆ ಮಾತಾಡಿಕೊಂಡರು. 2021ರಲ್ಲಿ ಸರ್ಕಾರ ಹೇಳಿದ ಲೆಕ್ಕ 1,600 ಟನ್, ಅದೂ ಇರಬಹುದೆಂಬ ಅಂದಾಜು. ಒಂದು ಸ್ಕೂಟರಿಗೆ ಬೇಕಾದದ್ದು ಕಾಲು ಕಿಲೋ ಆಸುಪಾಸು. ಅದನ್ನು ಕೇಳಿದ ನಾದಿನಿ, ಕಲ್ಲಿನಿಂದ ತೆಗೆಯುವುದು ಯಾವಾಗಲಾದರೂ ಆಗಲಿ, ಮೊದಲು ಸಂಜೆ ಆರೂವರೆಯ ಬಸ್ಸು ಇದೆಯೇ ಕೇಳಬೇಕು ಎಂದು ಚಾರ್ಜಿನ ತಂತಿ ಕಿತ್ತಳು.