ಟೇಲರ್ ಮಂಜಿಲ್ ನೋಡಿದ ಮೇಲೆ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಕಥಾ ಸ್ಪರ್ಧೆ ಇಟ್ಟಾಗ ನಾನೂ ಒಂದು ಕಥೆ ಬರೆದು ಕೊಟ್ಟಿದ್ದೆ. ಅಣ್ಣನ ಮೊಬೈಲ್‌ನಲ್ಲಿ ಆಡಿದ ಒಂದು ಗೇಮ್, ನೋಡಿದ ಎರಡು ಸಿನಿಮಾ, ಇಷ್ಟೇ ನನ್ನ ಬಂಡವಾಳ. ವಿಕ್ಟೋರಿಯಾ ರಾಣಿಯ ಕಾಲದಂತೆ ಕಾಣುವ ಒಂದು ಕತ್ತಲೆಯ ನಗರ. ಮಂಜು, ಗ್ಯಾಸ್ ದೀಪ, ಕುದುರೆ ಗಾಡಿ. ಬೆಟ್ಟದ ಮೇಲೆ ಕೋಟೆ, ಅದರೊಳಗೆ ಶಾಪ ಹೊತ್ತ ರಾಜಕುಮಾರ. ಹೊಳೆಯ ಆಚೆ ಶತ್ರುಗಳ ದಂಡು, ಇನ್ನೇನು ಯುದ್ಧ ಶುರುವಾಗಬೇಕು. ಊರುಗಳಿಗೆ ಬ್ಲ್ಯಾಕ್‌ಮೂರ್, ರೇವನ್‌ಹಿಲ್ ಎಂದು ಹೆಸರಿಟ್ಟು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಕಾಶೆಯನ್ನೂ ತೆಗೆದಿದ್ದೆ.

ಬಹುಮಾನ ಬರಲಿಲ್ಲ. ಕಥೆ ವಾಪಸ್ ಕೊಡುವಾಗ ಕನ್ನಡ ಮೇಡಂ ಕೇಳಿದರು: "ಕತಿ ಛಲೋ ಅದ. ಆದ್ರ ಈ ಮಂಜು ನೀ ಎಲ್ಲಿ ನೋಡೀದಿ?"

ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. "ಮೇಡಂ, ನಮ್ಮ ಕಡಿ ಬರೀಲಿಕ್ಕ ಏನದ್ರೀ? ತೊಗರಿ, ಹತ್ತಿ, ಧೂಳು" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ಅದು ಸಿಟ್ಟಿನಲ್ಲಿ ಆಡಿದ ಮಾತಷ್ಟೇ ಆಗಿರಲಿಲ್ಲ. ಚಿಕ್ಕಂದಿನಿಂದ 'ಹಿಂದುಳಿದ ಪ್ರದೇಶ' ಎಂಬ ಮಾತು ಕೇಳಿ ಕೇಳಿ, 371ಜೆ ಸರ್ಟಿಫಿಕೇಟಿಗೆ ಅರ್ಜಿ ತುಂಬಿ ತುಂಬಿ, ಇಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದೇ ನಾನು ನಂಬಿದ್ದೆ. ಮೇಡಂ ಬೈಯಲಿಲ್ಲ. "ನಿಮ್ಮ ನಾನಾ ಸುರಪುರದವರಲ್ಲೇನು? ಅವರಿಗಿ ಒಮ್ಮೆ ಕೇಳಿ ಬಾ" ಎಂದರು.

ರಂಜಾನ್ ಹಬ್ಬದ ಮಾರನೇ ದಿನ ಅಮ್ಮಿಯ ಜೊತೆ ನಾನಾನ ಮನೆಗೆ ಹೋದೆ. ಇಜೇರಿಯಿಂದ ದಕ್ಷಿಣಕ್ಕೆ ಶಹಾಪುರ ದಾಟಿದರೆ ಸುರಪುರ. ನಮ್ಮ ನಾನಾ ನಲವತ್ತು ವರ್ಷ ಬಟ್ಟೆ ಹೊಲಿದವರು. ಈಗ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಚಿಕ್ಕವಳಿದ್ದಾಗ ನಾನು ಗುಡ್ಡದ ಮೇಲಿನ 'ಟೇಲರ್ ಮಂಜಿಲ್' ನೋಡಿ, ಅದು ನಾನಾನಂಥ ಯಾವುದೋ ಟೇಲರ್ ಕಟ್ಟಿಸಿದ ಬಂಗಲೆ ಎಂದುಕೊಂಡಿದ್ದೆ. ಮನೆಯಲ್ಲಿ ಇವತ್ತಿಗೂ ಆ ಮಾತು ಹೇಳಿ ನಗುತ್ತಾರೆ.

"ಬಾ ಬೇಟಿ, ಇವತ್ತ ತೋರಸ್ತೀನಿ" ಎಂದು ನಾನಾ ನನ್ನ ಭುಜ ಹಿಡಿದು ಗುಡ್ಡ ಹತ್ತಿದರು. ಮೇಲೆ ನಿಂತರೆ ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು, ಕೆಳಗೆ ಊರು. ಅಲ್ಲಿ ನಾನಾ ಹೇಳಿದ್ದನ್ನು, ಆಮೇಲೆ ಮೇಡಂ ಕೊಟ್ಟ ಪುಸ್ತಕಗಳಲ್ಲಿ ಓದಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಆ ಬಂಗಲೆಯಲ್ಲಿ ಇದ್ದವನು ಫಿಲಿಪ್ ಮೆಡೋಸ್ ಟೇಲರ್. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1808ರಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಹಿಂದುಸ್ತಾನಕ್ಕೆ ಬಂದು ಹೈದರಾಬಾದ್ ನಿಜಾಮರ ಸೈನ್ಯ ಸೇರಿದವನು. ಠಕ್ಕರ ಬಗ್ಗೆ ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವಿಕ್ಟೋರಿಯಾ ಪಟ್ಟಕ್ಕೆ ಬಂದು ಆಗ ಎರಡೇ ವರ್ಷ. ದಾರಿಹೋಕರ ಕೊರಳಿಗೆ ರುಮಾಲು ಬಿಗಿದು ಕೊಲ್ಲುವ ಅಮೀರ್ ಅಲಿಯ ಆ ಕಥೆಯನ್ನು ಅಲ್ಲಿನ ಜನ ಮುಗಿಬಿದ್ದು ಓದಿದರು. ನಾನು ಲಂಡನ್ನಿನ ಕತ್ತಲೆಯನ್ನು ಇಲ್ಲಿ ಕೂತು ಕಲ್ಪಿಸಿಕೊಳ್ಳುತ್ತಿದ್ದೆ, ಲಂಡನ್ನಿನವರು ನಮ್ಮ ಕಡೆಯ ಕತ್ತಲೆಯನ್ನು ಅಲ್ಲಿ ಕೂತು ಓದುತ್ತಿದ್ದರು!

ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡು, ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ರಾಣಿ ಈಶ್ವರಮ್ಮನಿಗೂ ಟೇಲರ್‌ಗೂ ಹೊಂದಾಣಿಕೆ ಇರಲಿಲ್ಲ. ಆದರೆ ಹುಡುಗ ಮಾತ್ರ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಈ ಹುಡುಗ ತನ್ನ 24ನೇ ವರ್ಷದಲ್ಲಿ ಸಾಯುತ್ತಾನೆಂದು ಜ್ಯೋತಿಷಿಗಳು ಹೇಳಿದ್ದರೆಂದೂ, ಅದನ್ನು ಗುಟ್ಟಾಗಿ ಇಟ್ಟಿದ್ದರೆಂದೂ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಭವಿಷ್ಯ ಹೇಳುವುದನ್ನು ನಾನು ನಂಬುವುದಿಲ್ಲ. ಆದರೆ ಇದನ್ನು ಓದಿದಾಗ ನನ್ನ ಕಥೆಯ ಶಾಪಗ್ರಸ್ತ ರಾಜಕುಮಾರ ನೆನಪಾಗಿ ಮೈ ಜುಮ್ಮೆಂದಿತು.

1853ರಲ್ಲಿ ವೆಂಕಟಪ್ಪ ನಾಯಕ ತಾನೇ ಆಳತೊಡಗಿದ. ಟೇಲರ್ ನಳದುರ್ಗಕ್ಕೆ ಹೋದ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಸುರಪುರಕ್ಕೆ ಗುಟ್ಟಾಗಿ ಸುದ್ದಿಗಳು ಬಂದವು, ಸೈನಿಕರು ಸೇರಿದರು. ರಾಜನ ಬೇಡರ ಪಡೆಯ ಜೊತೆ ಅರಬರೂ ರೋಹಿಲರೂ ಇದ್ದರು. ಈ ಮಾತು ಹೇಳುವಾಗ ನಾನಾ ನನ್ನ ಕಡೆ ತಿರುಗಿ, "ನೆನಪಿಟ್ಕೋ, ಎಲ್ಲಾರೂ ಕೂಡೇ ಇದ್ರು" ಎಂದರು. ಕಂಪನಿಯ ದಂಡು ಲಿಂಗಸುಗೂರಿನಿಂದ ಬಂತು. 1858ರ ಫೆಬ್ರುವರಿ 8ರಂದು ಇದೇ ಗುಡ್ಡಗಳ ನಡುವೆ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಸತ್ತ. ಇನ್ನಷ್ಟು ದಂಡು ಬರುತ್ತಿದೆ ಎಂದು ತಿಳಿದು ರಾಜ ರಾತ್ರಿಯೇ ಕುದುರೆ ಏರಿ ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ.

ಸೆರೆಮನೆಗೆ ಅವನನ್ನು ನೋಡಲು ಹೋದವನೂ ಟೇಲರ್. ತನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದು ರಾಜ ಕೇಳಿಕೊಂಡನಂತೆ. ಮರಣದಂಡನೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದರಾಸಿನ ಹತ್ತಿರದ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡ ಎಂದು ಟೇಲರ್ ಬರೆದಿದ್ದಾನೆ. ನಾನಾ ತಲೆ ಅಲ್ಲಾಡಿಸಿದರು. "ನಾ ನಂಬಂಗಿಲ್ಲ. ಸಾಯೋ ಶಿಕ್ಷಾ ತಪ್ಪಿದ ಮ್ಯಾಲ ಯಾರರ ಸಾಯ್ತಾರೇನು?" ಎರಡೇ ವರ್ಷದಲ್ಲಿ, 1860ರಲ್ಲಿ, ಸುರಪುರ ಸಂಸ್ಥಾನ ನಿಜಾಮರಿಗೆ ಸೇರಿತು.

"ಹಂಗಾದ್ರ ಟೇಲರ್ ಒಳ್ಳೇವನೋ ಕೆಟ್ಟವನೋ?" ಎಂದು ಕೇಳಿದೆ. ನಾನಾ ಬಹಳ ಹೊತ್ತು ಸುಮ್ಮನಿದ್ದರು. "ಕೆರಿ ಕಟ್ಟಿಸಿದ, ರಸ್ತಾ ಮಾಡಿಸಿದ. ಆ ಹುಡುಗನ ಮ್ಯಾಲ ಅವಗ ಜೀವ ಇತ್ತು. ಆದ್ರ ಉಂಡದ್ದು ಕಂಪನಿ ಉಪ್ಪು, ಬೇಟಿ."

ನನ್ನ ಕಥೆಯಲ್ಲಿ ಇಂಥ ಮನುಷ್ಯ ಒಬ್ಬನೂ ಇರಲಿಲ್ಲ. ಕೆಟ್ಟವರೆಲ್ಲ ಕರಿ ಕೋಟು ಹಾಕಿದ್ದರು, ಒಳ್ಳೆಯವರೆಲ್ಲ ಬಿಳಿ ಕುದುರೆ ಏರಿದ್ದರು. ಸಾಕಿದವನೇ ಎದುರು ಪಕ್ಷದಲ್ಲಿ ನಿಂತಾಗ ಇಪ್ಪತ್ನಾಲ್ಕರ ಹುಡುಗ ಯಾರ ಮಾತು ಕೇಳಬೇಕು? ಅಂಥ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಣ್ಣನಿಗೂ ಈಗ ಇಪ್ಪತ್ನಾಲ್ಕು.

ಮನೆಗೆ ಬಂದು ಹಳೆಯ ನಕಾಶೆ ಹರಿದು ಹೊಸದು ತೆಗೆದೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ. ಮೇಲೆ ನಮ್ಮ ಜೇವರ್ಗಿ: ಅಲ್ಲಿನ ಹಳೆಯ ಕಲ್ಲುಗೋರಿಗಳನ್ನು ಟೇಲರ್ ಅಗೆಸಿದಾಗ ರುಂಡ ಬೇರೆ, ಮುಂಡ ಬೇರೆಯಾಗಿ ಬಿದ್ದ ಎಲುಬುಗಳು ಸಿಕ್ಕಿದವಂತೆ. ಶಹಾಪುರದ ಹತ್ತಿರ ವಿಭೂತಿಹಳ್ಳಿ: ಸಾಲುಸಾಲಾಗಿ ಜೋಡಿಸಿಟ್ಟ ಬಂಡೆಗಳು, ಯಾವ ಕಾಲದ ಯಾರು ಇಟ್ಟರೋ. ಸುರಪುರದ ಪಕ್ಕ ವಾಗಣಗೇರಾ ಕೋಟೆ: 1705ರಲ್ಲಿ ಮುದಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ್ದು, ಅದೇ ಅವನ ಕೊನೆಯ ಮುತ್ತಿಗೆ. ಆಮೇಲೆ ಬೋನಾಳ ಕೆರೆ, ಆಚೆಗೆ ಲಿಂಗಸುಗೂರಿನ ದಂಡು. ನಡುವೆ ಗುಡ್ಡದ ಮೇಲೆ ಒಂದು ಬಂಗಲೆ. ಒಂದು ಹೆಸರನ್ನೂ ನಾನು ಹುಟ್ಟಿಸಬೇಕಾಗಲಿಲ್ಲ.

ಈಗ ಕಥೆಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಅರ್ಧವಾಗಿದೆ. ರಾಜ ಕುದುರೆ ಏರುವ ರಾತ್ರಿಗೆ ಬಂದು ನಿಂತಿದೆ. ಮುಂದಿನ ತಿಂಗಳು ನಾನಾನ ಕಣ್ಣಿನ ಆಪರೇಷನ್. "ಪಟ್ಟಿ ಬಿಚ್ಚೂದ್ರಾಗ ಮುಗಸು, ನಾನೇ ಓದ್ತೀನಿ" ಎಂದಿದ್ದಾರೆ.

ಗೆಳತಿಯರೇ, ಗೆಳೆಯರೇ, ನಿಮ್ಮ ಊರಲ್ಲೂ ಹಾಳು ಕೋಟೆಯೋ ಬಾವಿಯೋ ಹಳೆಯ ಗೋರಿಯೋ ಇದ್ದೇ ಇರುತ್ತದೆ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಓದಲು ನಾನು ಕಾಯುತ್ತಿರುತ್ತೇನೆ. ಮಂಜಿನ ವಿಷಯ ಮೇಡಂ ಕೇಳಿದ್ದು ಸರಿಯೇ ಇತ್ತು. ನಾನು ಮಂಜು ನೋಡಿಲ್ಲ. ಧೂಳು ಮಾತ್ರ ಚೆನ್ನಾಗಿ ನೋಡಿದ್ದೇನೆ. ಕಂಪನಿಯ ಕುದುರೆಗಳು ಬಂದ ದಿನ ಎದ್ದದ್ದೂ ಈ ಧೂಳೇ ಅಲ್ಲವೇ?